ಹೊಳ್ಳಿ ತಂದ ಮಾಲು

ಗೊಳಸಂಗಿಯ ಶಾಂತವ್ವ ತೊಗರಿ ಹಸನು ಮಾಡುತ್ತ ನಕ್ಕಾಗ ನಾನು ತೆಗೆದ ಫೋಟೋವೇ ನನಗೆ ಎಲ್ಲಕ್ಕಿಂತ ಹೆಚ್ಚು ದುಡಿದುಕೊಟ್ಟದ್ದು. ಅದನ್ನು ಫೋಟೋ ಮಾರುವ ವೆಬ್‌ಸೈಟಿಗೆ ಹಾಕಿದ್ದೆ. ಯಾರಾದರೂ ಕೊಂಡಾಗಲೆಲ್ಲ ನನಗೊಂದು ಪಾಲು. ಆ ಪಾಲು ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂತು. ಹೊಸ ಫೋಟೋಗಳಾದರೂ ಓಡಿಯಾವು ಎಂದು ಮತ್ತೆ ಆಕೆಯ ಕಣಕ್ಕೇ ಹೋಗಿ, ಹಳೆಯದನ್ನು ಮಾರಲು ಇಟ್ಟ ಸಂಗತಿಯನ್ನೂ ಹೇಳಿದೆ.

"ತಮ್ಮಾ, ನನ್ನ ಫೋಟೋಕ ಈಗ ಏನ ರೇಟ ಐತಿ?"

"ಚಾದ ರೊಕ್ಕಾನೂ ಬರೂದಿಲ್ರಿ, ಯವ್ವಾ. ಈಗ ಕಂಪ್ಯೂಟರ್ ಹುಟ್ಟದ ಮಂದೀನ ನಗಸಿ ಫೋಟೋ ಮಾಡಿಕೊಡ್ತೈತಿ."

ತನ್ನ ಮುಖ ಮಾರಿದ್ದಕ್ಕೆ ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಬೈದದ್ದು ಅಗ್ಗಕ್ಕೆ ಮಾರಿದ್ದಕ್ಕೆ.

"ಅಂಥಾ ರೇಟಿಗೆ ಮಾಲ ಬಿಟ್ಟ ಕುಂತೀಯೇನು? ಹೋದ ವರ್ಷ ಮುದ್ದೇಬಿಹಾಳ ಎಪಿಎಂಸಿಯಾಗ ತೊಗರಿಗೆ ಕಡಿಮಿ ಕೂಗಿದ್ರು. ಎಲ್ಲಾ ಚೀಲ ಹೊಳ್ಳಿ ಗಾಡ್ಯಾಗ ಹೇರಿಸಿಕೊಂಡ ಬಂದೆ ನಾ. ತಗೀ ಅದನ್ನ!"

ಮೊಬೈಲಿನಲ್ಲಿ ಫೋಟೋ ಅಳಿಸಲು ಹೋದರೆ ವೆಬ್‌ಸೈಟು ಇಂಗ್ಲಿಷಿನಲ್ಲಿ ಏನೋ ಕೇಳಿತು. ನನ್ನ ಬೆರಳು ನಿಂತಿತು. ಎಷ್ಟೆಂದರೂ ಇದ್ದುದರಲ್ಲಿ ಅದೇ ಗಳಿಕೆ.

"ಏನ ಅಂತೈತದು?"

"ಖರೇನ ತಗೀತೀಯೇನು ಅಂತ ಕೇಳಾಕತ್ತೈತ್ರಿ."

"ಖರೇನ ಅನ್ನು."

ಒತ್ತಿದೆ. ಇನ್ನು ಆ ನಗು ಬೇಕಾದವರು ನನ್ನನ್ನೇ ಕೇಳಬೇಕು, ನಾನು ಹೇಳಿದ ಬೆಲೆ ಕೊಡಬೇಕು. ಎಷ್ಟು ದಿನವಾದರೂ ಸರಿ.

ಬೈಕ್ ಹತ್ತುವಾಗ ನೆನಪಾಗಿ ಕೇಳಿದೆ, "ಆ ತೊಗರಿಗೆ ಕಡೀಕ ಚಲೋ ರೇಟ ಬಂತೇನ್ರಿ, ಯವ್ವಾ?"

"ಎಲ್ಲೀದು? ಬ್ಯಾಳಿ ಒಡಿಸಿ ಮನ್ಯಾಗ ಉಣ್ಣಾಕತ್ತೇವಿ. ಆದ್ರ ರೇಟ ಮಾತ್ರ ಇಳಿಸಿಲ್ಲ ನೋಡು."