ಯಾವಾಗಲೂ ಅಷ್ಟೇ ಎಡಕ್ಕೆ

ಹೊಸ ತಿಪ್ಪಸಂದ್ರದಲ್ಲಿ ಮನೆಗಳಿಗಿಂತ ತೆಂಗಿನ ಮರಗಳು ಎತ್ತರವಾಗಿದ್ದ ಕಾಲ ಅದು. ತೊಂಬತ್ತರ ದಶಕದ ನಡುಭಾಗ. ನಾನು ಎಂಟನೇ ಕ್ಲಾಸು. ದಸರಾ ರಜೆ ಬಂತೆಂದರೆ ಬೀದಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆಯಲ್ಲಿ ಮುಳುಗಿರುತ್ತಿದ್ದರು. ನಾನು ಮಾತ್ರ ತಾರಸಿಯ ಮೇಲೆ, ಅಮ್ಮ ಒಣಹಾಕಿದ ಮೆಣಸಿನಕಾಯಿಯ ಘಾಟಿನ ನಡುವೆ, ಗೋಣಿಚೀಲದ ಮೇಲೆ ಬೋರಲು ಬಿದ್ದು ಅಪ್ಪನ ಏರ್‌ಗನ್ನಿಗೆ ಕೆನ್ನೆ ಒತ್ತಿರುತ್ತಿದ್ದೆ.

ಅದು ನಮ್ಮ ಮನೆಗೆ ಬಂದದ್ದೇ ವಿಚಿತ್ರ. ಕುಕ್ ಟೌನಿನ ಹಳೇ ಬಂಗಲೆಯಲ್ಲಿದ್ದ ಆಂಗ್ಲೋ ಇಂಡಿಯನ್ ಮುದುಕರೊಬ್ಬರು ಮಗಳಿದ್ದ ಆಸ್ಟ್ರೇಲಿಯಾಕ್ಕೆ ಹೊರಟು ಸಾಮಾನು ಮಾರುತ್ತಿದ್ದರು. ಫ್ಯಾಕ್ಟರಿಯಲ್ಲಿ ಯಾರೋ ಹೇಳಿದರೆಂದು ಅಪ್ಪ ತೇಗದ ಮಂಚ ನೋಡಲು ಹೋದವರು ಏರ್‌ಗನ್ನು ಹೆಗಲಿಗೇರಿಸಿಕೊಂಡು ಬಂದರು.

"ಮಂಚ ತರೋಕೆ ಹೋಗಿ ಇದನ್ನ ತಂದ್ರಾ? ಇದರ ಮೇಲೆ ಮಲಗ್ತೀರಾ?" ಎಂದು ಅಮ್ಮ ರೇಗಿದಳು.

ಅಪ್ಪ ನಗುತ್ತಾ ನನ್ನ ಕಡೆ ತಿರುಗಿದರು. "ಆ ಅಜ್ಜ ಒಂದು ಮಾತು ಹೇಳಿದ್ರು ಶಶಿ. ಇದು ಸ್ವಲ್ಪ ಎಡಕ್ಕೆ ಹೊಡೆಯತ್ತಂತೆ. ಆದ್ರೆ ಯಾವಾಗ್ಲೂ ಅಷ್ಟೇ ಎಡಕ್ಕೆ. ಇನ್ನೇನು ಬೇಕು ಹೇಳು?"

ನಿಜಕ್ಕೂ ಇನ್ನೇನೂ ಬೇಕಿರಲಿಲ್ಲ. ನಳಿಗೆಯನ್ನು ಮಡಚುವಾಗ ಒಳಗಿನ ಸ್ಪ್ರಿಂಗು ನನ್ನ ತೋಳಿನೊಡನೆ ಸೆಣಸುತ್ತಿತ್ತು. ಸೀಸದ ಪುಟ್ಟ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ ನಳಿಗೆ ಮೇಲೆತ್ತಿದರೆ 'ಟಕ್' ಎಂದು ಕಚ್ಚಿಕೊಳ್ಳುತ್ತಿತ್ತು. ಟ್ರಿಗರ್ ಮೊದಲು ಸಡಿಲವಾಗಿ ಹಿಂದೆ ಬಂದು ಒಂದು ಕಡೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದಿನ ಕೂದಲೆಳೆಯಷ್ಟು ದೂರ ಪೂರಾ ನನ್ನ ಜವಾಬ್ದಾರಿ. ಯಾರದೋ ಕೆನ್ನೆ ವರ್ಷಗಟ್ಟಲೆ ಒತ್ತಿ ಮರದ ಪಾಲಿಷ್ ಸವೆದಿದ್ದ ಜಾಗದಲ್ಲೇ ನನ್ನ ಕೆನ್ನೆಯೂ ಕೂರುತ್ತಿತ್ತು. ಹಳೇ ಮದುವೆ ಕಾಗದಗಳ ಹಿಂಬದಿಯಲ್ಲಿ ಅಮ್ಮನ ಬಳೆಯಿಟ್ಟು ಸುತ್ತು ಎಳೆದು, ಮರಳು ತುಂಬಿದ ಡಬ್ಬಕ್ಕೆ ಅಂಟಿಸಿ ಹೊಡೆಯುತ್ತಿದ್ದೆ. ಮುಗಿದ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಬೆರಳಿನಲ್ಲಿ ಉಳಿದು, ರಾತ್ರಿಯ ಸಾರನ್ನದಲ್ಲೂ ಬರುತ್ತಿತ್ತು.

ಅಪ್ಪನ ಕಟ್ಟಪ್ಪಣೆ ಒಂದೇ. "ಪ್ರಾಣ ಇರೋದ್ರ ಕಡೆ ಇದನ್ನ ತಿರುಗಿಸಿದ್ರೆ ಅವತ್ತಿಗೇ ಕೊನೆ."

ಈಗ ಮುನಿರಾಜು ದೊಡ್ಡಪ್ಪನ ವಿಷಯ. ಅಪ್ಪನ ಸ್ವಂತ ಅಣ್ಣ, ಬಹುವಚನ ಹಚ್ಚಬೇಕು. ನನ್ನ ಕೈಲಿ ಆಗುವುದಿಲ್ಲ. ಕೆ.ಆರ್. ಪುರದ ಆಚೆಯ ನಮ್ಮ ಹಳ್ಳಿಯಲ್ಲಿ ರಾಗಿ ಹೊಲಗಳು ಸೈಟುಗಳಾದದ್ದೇ ತಡ, ಅವನು ಮೊದಲು ಸಫಾರಿ ಸೂಟು ಹೊಲಿಸಿದ, ಆಮೇಲೆ ಲೈಸೆನ್ಸ್ ಮಾಡಿಸಿ ರೈಫಲ್ ಕೊಂಡ. ಮೇಲೊಂದು ದುರ್ಬೀನು, ಮಲಗಿಸಲು ಚರ್ಮದ ಪೆಟ್ಟಿಗೆ. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದ. ಬೆರಳು ಸದಾ ಟ್ರಿಗರ್ ಮೇಲೆ. ಕೂತುಕೊಳ್ಳಿ ಎಂದು ಸೋಫಾ ತೋರಿಸುವುದೂ ನಳಿಗೆಯಿಂದಲೇ. ಮಿಂಚಲೆಂದು ಹೊರಗೆಲ್ಲ ಕೊಬ್ಬರಿ ಎಣ್ಣೆ ಸವರುತ್ತಿದ್ದ. ನಳಿಗೆಯ ಒಳಗೆ ಒಮ್ಮೆಯೂ ಬ್ರಷ್ ಆಡಿಸಿದ್ದು ನಾನು ಕಾಣೆ. ಬಂದೂಕು ಇವನ ಪಾಲಿಗೆ ಮೀಸೆಯ ಮುಂದುವರಿದ ಭಾಗ, ಅಷ್ಟೇ.

ಆ ವರ್ಷ ಆಯುಧಪೂಜೆಗೆ ಅವನಿಂದ ಅಪ್ಪಣೆ ಬಂತು: ಮನೆತನದ ಆಯುಧವೆಲ್ಲ ಒಂದೇ ಕಡೆ ಪೂಜೆ ಆಗಬೇಕು. ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಏರ್‌ಗನ್ನಿಗೆ ಬೆಡ್‌ಶೀಟ್ ಸುತ್ತಿ ಹೊರಟರು.

ದೊಡ್ಡಪ್ಪನ ಅಂಗಳದಲ್ಲಿ ಜೀಪು, ಟ್ರ್ಯಾಕ್ಟರು, ನೇಗಿಲು, ಕುಡುಗೋಲು, ನಡುವೆ ಕೆಂಪು ವಸ್ತ್ರದ ಮೇಲೆ ರೈಫಲ್. ಚೆಂಡುಹೂವಿನ ಹಾರದ ಅಡಿಯಲ್ಲಿ ಅದು ಕಾಣಿಸುತ್ತಲೇ ಇರಲಿಲ್ಲ. ವಿಭೂತಿ ಪಟ್ಟೆ ಬಳಿದು, ದುರ್ಬೀನಿನ ಎರಡೂ ಗಾಜಿಗೆ ಅರಿಶಿನ ಕುಂಕುಮ ಒತ್ತಿದ್ದ. ನನಗೆ ನಗು ತಡೆಯಲಿಲ್ಲ.

"ಏನಮ್ಮೀ ನಗ್ತೀಯ? ನಿಮ್ಮಪ್ಪನ ಈ ಕೋಲಲ್ಲಿ ಸೊಳ್ಳೆನಾದ್ರೂ ಸಾಯತ್ತೇನೆ?" ಎಂದ ದೊಡ್ಡಪ್ಪ. ಸುತ್ತ ನಿಂತಿದ್ದ ಅವನ ಸ್ನೇಹಿತರು ಹೊಟ್ಟೆ ಕುಲುಕಿಸಿ ನಕ್ಕರು. ಕಡಲೆಪುರಿ ಮುಕ್ಕುತ್ತಾ ಅವನು ಹೇಳಿದ್ದಕ್ಕೆಲ್ಲ ನಗುವುದೇ ಅವರ ಉದ್ಯೋಗ.

ಪೂಜೆ ಮುಗಿದು ಬೂದುಗುಂಬಳಕಾಯಿ ಒಡೆದಾಯಿತು. ಅವರಲ್ಲೊಬ್ಬ, "ರಾಜಣ್ಣ, ಒಂದ್ಸಲ ಹೊಡೆದು ತೋರ್ಸೇ ಬಿಡಿ" ಎಂದ. ದೊಡ್ಡಪ್ಪ ಸುತ್ತ ನೋಡಿದ. ಹಿತ್ತಲಿನ ಬಾವಿಕಟ್ಟೆಯ ನೆರಳಿನಲ್ಲಿ ಚಿನ್ನಿ ಮಲಗಿತ್ತು. ಅದು ದೊಡ್ಡಮ್ಮ ಮುದ್ದೆ ಹಾಕಿ ಸಾಕಿದ್ದ, ಕಿವಿ ಹರಿದ ಹೆಣ್ಣುನಾಯಿ.

"ಈ ಮುಂಡೇದು ನನ್ನ ಕೋಳಿ ತಿಂದಿದೆ" ಎನ್ನುತ್ತಾ ರೈಫಲ್ ಎತ್ತಿಕೊಂಡು ಗುಂಡು ತುಂಬಿದ.

ದೊಡ್ಡಮ್ಮ ಅಡುಗೆಮನೆಯಿಂದ ಒಬ್ಬಟ್ಟಿನ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಬ್ಯಾಡ ಕಣ್ರೀ, ಹಬ್ಬದ ದಿವ್ಸ. ಕೋಳಿ ತಿಂದಿದ್ದು ಮುಂಗುಸಿ, ನಾನೇ ನೋಡಿದೀನಿ."

"ಗಂಡಸರ ಮಧ್ಯೆ ನಿಂದೇನೇ? ಒಳಗೋಗು."

ಅವಳು ಹೋಗಲಿಲ್ಲ. ಅಪ್ಪ ಮುಂದೆ ಬಂದು, "ಅಣ್ಣಾ, ಬೇಡ" ಎಂದರು. ದೊಡ್ಡಪ್ಪ ಅವರನ್ನು ಮೊಣಕೈಯಿಂದ ಸರಿಸಿ ದುರ್ಬೀನಿಗೆ ಕಣ್ಣಿಟ್ಟ. ಕುಂಕುಮ ಬಿಟ್ಟರೆ ಅವನಿಗೆ ಏನು ಕಂಡೀತು! "ಥತ್, ಏನೂ ಕಾಣಿಸ್ತಿಲ್ವಲ್ಲ" ಎಂದು ಪಂಚೆಯ ತುದಿಯಿಂದ ಗಾಜು ಒರೆಸತೊಡಗಿದ. ಎಣ್ಣೆಗೆ ಅಂಟಿದ ಕುಂಕುಮ ಇನ್ನಷ್ಟು ಹರಡಿತು.

ನನಗೆ ಅಷ್ಟು ಹೊತ್ತು ಸಾಕಾಗಿತ್ತು. ಪೂಜೆಯ ಸಾಲಿನಿಂದ ನಮ್ಮ ಏರ್‌ಗನ್ನು ತೆಗೆದೆ, ನಳಿಗೆ ಮಡಚಿದೆ, ಜೇಬಿನ ಗುಂಡು ಕೂರಿಸಿದೆ. ಬಾವಿಯಿಂದ ಆಚೆ ಕಾಂಪೌಂಡ್ ಗೋಡೆಯ ಮೇಲೆ ಖಾಲಿ ಎಣ್ಣೆಡಬ್ಬ ಒಂದಿತ್ತು. ನಾಯಿ ಕೆಳಗೆ, ಜನ ಈಚೆ. ಅತ್ತ ಬರೀ ಬಯಲು. ಡಬ್ಬದ ಬಲಕ್ಕೆ ಗುರಿಯಿಟ್ಟು, ಉಸಿರು ಹಿಡಿದು ಟ್ರಿಗರ್ ಎಳೆದೆ. ಡಬ್ಬ 'ಢಣ್' ಎಂದು ಉರುಳಿ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಚಿನ್ನಿ ಚಂಗನೆ ಎದ್ದು ಪಕ್ಕದ ತೋಟದ ಬೇಲಿಯ ಕಿಂಡಿಯಲ್ಲಿ ನುಗ್ಗಿ ಮಾಯವಾಯಿತು. ಬೆಚ್ಚಿಬಿದ್ದ ದೊಡ್ಡಪ್ಪನ ರೈಫಲ್ ತಾನಾಗಿಯೇ ಢಮಾರೆಂದಿತು. ಆ ಗುಂಡು ಅವನದೇ ಜೀಪಿನ ಟೈರಿಗೆ ಹೊಕ್ಕಿತು. ಅಷ್ಟು ಬಡಾಯಿಗೆ ಸಿಕ್ಕ ಏಕಮಾತ್ರ ಬೇಟೆ.

"ಯಾರೋ ಅದು ಹೊಡೆದಿದ್ದು?"

"ನಾನು" ಎಂದೆ.

"ನಾಗ, ಕೊಡೋ ಅದನ್ನ ಇಲ್ಲಿ! ಮುರಿದು ಒಲೆಗೆ ಹಾಕ್ತೀನಿ" ಎಂದು ದೊಡ್ಡಪ್ಪ ಅಪ್ಪನ ಮೇಲೆ ಎಗರಿದ.

ಅಣ್ಣನೆದುರು ಎಂದೂ ದನಿಯೆತ್ತದ ಅಪ್ಪ ನನ್ನ ಮುಂದೆ ಬಂದು ನಿಂತರು. "ಅದು ನನ್ನದಲ್ಲ ಅಣ್ಣಾ. ನನ್ನ ಮಗಳದು."

ಅದು ನನ್ನದೆಂದು ಯಾರಾದರೂ ಹೇಳಿದ್ದು ಅದೇ ಮೊದಲು. ಆ ಸಂತೋಷ ಎದೆಗಿಳಿಯುವ ಮೊದಲೇ ದೊಡ್ಡಪ್ಪ ಅಪ್ಪನನ್ನು ತಳ್ಳಿ, ನನ್ನ ಕೈಯಿಂದ ಕಿತ್ತುಕೊಂಡು, ಒಗೆಯುವ ಕಲ್ಲಿಗೆ ಅಪ್ಪಳಿಸಿದ. ಮರ ಹಿಡಿಯ ಹತ್ತಿರ ಸೀಳಿತು. ಸ್ನೇಹಿತರು ಕಡಲೆಪುರಿ ಮುಕ್ಕುತ್ತಲೇ ಇದ್ದರು.

ಎರಡು ತುಂಡನ್ನೂ ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ನಾನು ಅಳಲಿಲ್ಲ. ಅಂಥವನ ಕೆಲಸಕ್ಕೆ ಕಣ್ಣೀರು ಖರ್ಚು ಮಾಡುವುದು ಅವಮಾನವೆನಿಸಿತ್ತು. ಅಪ್ಪ ಅಂಟು ಹಾಕಿ, ಹಿತ್ತಾಳೆ ಪಟ್ಟಿ ಬಿಗಿದು ಮರವನ್ನು ಕೂಡಿಸಿದರು. ಆಮೇಲೆ ಅದು ಎಡಕ್ಕೆ ಇನ್ನೂ ಚೂರು ಹೆಚ್ಚು ಹೊಡೆಯುತ್ತಿತ್ತು, ಆದರೆ ಆಗಲೂ ಒಂದೇ ಸಮ. ಅಣ್ಣನ ಮನೆಗೆ ಅಪ್ಪ ಮತ್ತೆ ಕಾಲಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮ ಒಬ್ಬಳೇ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಚೀಲದಲ್ಲಿ ಅವರೆಕಾಯಿ. "ಚಿನ್ನಿ ಪಕ್ಕದ ತೋಟದಲ್ಲಿ ಮರಿ ಹಾಕವ್ಳೆ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ, "ಎಲ್ಲಿ, ನಿನ್ನ ಕೋವಿ ನನ್ಗೂ ಒಂದ್ಸಲ ಕೊಡು" ಎಂದಳು. ತಾರಸಿಯಲ್ಲಿ ಸೆರಗು ಸಿಕ್ಕಿಸಿಕೊಂಡು ಹೊಡೆದ ಗುಂಡು ಗೋಡೆಗೆ ಬಡಿಯಿತು. ಅವಳು ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. ಅವಳು ಬಂದಿದ್ದು ದೊಡ್ಡಪ್ಪನಿಗೆ ತಿಳಿಯಿತು. ಆಮೇಲೆ ಅವಳು ಮತ್ತೆ ಬರಲಿಲ್ಲ.

ಆಮೇಲೆ ಕಾಲೇಜು ತಂಡದಲ್ಲಿ ಎಷ್ಟೋ ಒಳ್ಳೆಯ ರೈಫಲ್‌ಗಳಲ್ಲಿ ಹೊಡೆದೆ, ಗೆದ್ದೆ. ಒಂದನ್ನೂ ನನ್ನದು ಎನ್ನಬೇಕೆನಿಸಲಿಲ್ಲ. ದೊಡ್ಡಮ್ಮ ತೀರಿಕೊಂಡದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ದೊಡ್ಡಪ್ಪನನ್ನು ತಿರಸ್ಕರಿಸುವುದು ನನಗೆ ಎಂದೂ ಕಷ್ಟವಾಗಿಲ್ಲ, ಈಗಲೂ ಇಲ್ಲ. ಅವನ ಮನೆಯ ಬಾಗಿಲು ಮುಚ್ಚಿಕೊಂಡಾಗ ಅವಳೂ ಒಳಗೇ ಉಳಿದಳು, ಆ ನಷ್ಟವನ್ನು ಮಾತ್ರ ಯಾವ ತಿರಸ್ಕಾರವೂ ತುಂಬಿಕೊಡಲಿಲ್ಲ.

ಅವಳದೊಂದು ಫೋಟೋ ಬೇಕೆಂದು ಅವಳ ತಮ್ಮನ ಮಗಳನ್ನು ಕೇಳಿದೆ. ಮನೆಯೆಲ್ಲ ಹುಡುಕಿ ಒಂದನ್ನು ಕಳಿಸಿದಳು. ನಡುವೆ ದೊಡ್ಡಪ್ಪ, ಎದೆಗಡ್ಡವಾಗಿ ಹೆಗಲಾಚೆ ಚಾಚಿದ ರೈಫಲ್. ಹಿಂದೆ ನಿಂತ ದೊಡ್ಡಮ್ಮನ ಒಂದು ಕಣ್ಣು, ಅರ್ಧ ನಗು ಕಾಣಿಸುತ್ತದೆ. ಉಳಿದದ್ದಕ್ಕೆ ನಳಿಗೆ ಅಡ್ಡ ಬಂದಿದೆ.