ನಂಬರ್ ಒಂದೇ ಇದ್ದರೇನು, ಹೆಸರು ಕೇಳಿ

ಬೆಳಗಿನ ಆರು ಗಂಟೆ. ಕಸ ಗುಡಿಸುವವರು ಇನ್ನೂ ಸಾಫ್ಟ್‌ವೇರ್ ಕಂಪನಿಯ ಎರಡನೇ ಮಹಡಿಗೆ ಬಂದಿಲ್ಲ. ಮೂಲೆಯ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಕಂಪ್ಯೂಟರಿಗೆ ಮೌಸ್ ಸಿಕ್ಕಿಸುತ್ತಾರೆ, ಕೀಳುತ್ತಾರೆ, ಮತ್ತೆ ಸಿಕ್ಕಿಸುತ್ತಾರೆ. ಆಮೇಲೆ ಪ್ರಿಂಟರು, ಕ್ಯಾಮೆರಾ. ದಿನಕ್ಕೆ ನೂರಾ ನಲವತ್ತು ಸಾಧನ, ಒಂದೊಂದೂ ಮೂರು ಸಲ. ಕಚೇರಿಗೆಲ್ಲ ಇವರು ‘ಪ್ಲಗ್ಗಕ್ಕ’.

ವೈರು ಸಿಕ್ಕಿಸಿದ ಕೂಡಲೇ ಕಂಪ್ಯೂಟರು ತಾನೇ ಗುರುತು ಹಿಡಿಯಬೇಕು ಎಂದು ನಾವೆಲ್ಲ ಅಪ್ಪಣೆ ಕೊಟ್ಟವರಂತೆ ಕೂತಿರುತ್ತೇವೆ. ಆ ಸಲೀಸಿನ ಹಿಂದೆ ಪ್ಲಗ್ಗಕ್ಕನ ಹದಿನೇಳು ವರ್ಷಗಳಿವೆ.

“ಪ್ರತಿ ಸಾಮಾನೂ ಬಂದ ತಕ್ಷಣ ತನ್ನ ನಂಬರ್ ಹೇಳುತ್ತೆ. ಸಿಸ್ಟಮ್ ನಮ್ಮ ಪಟ್ಟಿ ನೋಡಿ ಅದಕ್ಕೆ ತಕ್ಕ ಡ್ರೈವರ್, ಅಂದ್ರೆ ಅದನ್ನ ನಡೆಸೋ ಪ್ರೋಗ್ರಾಮ್, ಜೋಡಿಸುತ್ತೆ. ಪಟ್ಟಿ ತಪ್ಪಿದ್ರೆ ಮುಗೀತು, ಮನೆ ಅಳಿಯನ್ನ ಕೊರಿಯರ್‌ನವನು ಅಂತ ಬಾಗಿಲಲ್ಲೇ ನಿಲ್ಲಿಸಿದ ಹಾಗೆ!”

ಪರೀಕ್ಷೆಗೆ ಬರುವ ಸಾಧನಗಳ ಡಬ್ಬ ಬಿಚ್ಚುವ ಕೆಲಸಕ್ಕೆ ಸೇರಿದವರು. ಗಂಡ ತೀರಿಕೊಂಡಿದ್ದರು, ಮಗಳು ಚಿಕ್ಕವಳು. ‘ಸಿಕ್ಕಿಸೋದೂ ಒಂದು ಕೆಲಸವೇ’ ಎಂದು ನಕ್ಕವರಿಗೇನೂ ಕಡಿಮೆಯಿರಲಿಲ್ಲ. ಬಲಗೈ ಹೆಬ್ಬೆರಳು ಈಗ ಜೋಮು ಹಿಡಿಯುತ್ತದೆ.

ಹೋದ ತಿಂಗಳು ಕಣ್ಣು ಕಾಣದ ಟೆಲಿಫೋನ್ ಆಪರೇಟರ್ ಒಬ್ಬರಿಂದ ದೂರು ಬಂತು. ಪರದೆಯ ಅಕ್ಷರಗಳನ್ನು ಬೆರಳಿನಡಿ ಚುಕ್ಕೆಗಳಾಗಿ ಎಬ್ಬಿಸುವ ಅವರ ಬ್ರೈಲ್ ಹಲಗೆ ಏಳುತ್ತಲೇ ಇಲ್ಲ. ಹಲಗೆಯ ಒಳಗಿನ ಚಿಪ್, ಹಳೇ ಯಂತ್ರ ಜೋಡಿಸುವ ಮಾಮೂಲಿ ಕೇಬಲ್ಲಿನ ಚಿಪ್ ಎರಡೂ ಒಂದೇ. ಹೇಳುವ ನಂಬರೂ ಒಂದೇ. ಹೊಸ ಪಟ್ಟಿ ಹಲಗೆಯನ್ನು ಕೇಬಲ್ ಎಂದು ತೀರ್ಮಾನಿಸಿತ್ತು. ಯಾರಾದರೂ ಬಂದು ಸರಿಪಡಿಸುವವರೆಗೆ ಆ ಮನುಷ್ಯ ದಿನವೂ ಕೈಕಟ್ಟಿ ಕೂರಬೇಕು.

“ಒಬ್ಬರಿಗೋಸ್ಕರ ಪಟ್ಟಿ ಮುಟ್ಟೋಕಾಗಲ್ಲಮ್ಮ, ಮುಂದಿನ ವರ್ಷ ನೋಡೋಣ,” ಎಂದರು ಮೇಲಿನವರು.

ಪ್ಲಗ್ಗಕ್ಕ ಜಪ್ಪಯ್ಯ ಅಂದರೂ ಬಿಡಲಿಲ್ಲ. ಅಂಥದೇ ಹಲಗೆಯೊಂದನ್ನು ತರಿಸಿ, ಪಕ್ಕದಲ್ಲಿ ಕೇಬಲ್ ಇಟ್ಟುಕೊಂಡು ಒಂಬತ್ತು ದಿನ ಸಿಕ್ಕಿಸಿದರು, ಕಿತ್ತರು. ನಂಬರ್ ಆದ ಮೇಲೆ ಕೇಳಿದರೆ ಹಲಗೆ ತನ್ನ ಹೆಸರನ್ನೂ ಹೇಳುತ್ತದೆ! ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ, ಅಷ್ಟೇ. ಅದನ್ನು ಕಣ್ಣಾರೆ ಕಂಡ ಮೇಲೆ ಮೇಲಿನವರೂ ಒಪ್ಪಿದರು. ಹೆಸರು ಕೇಳುವ ಆ ಒಂದು ಸಾಲನ್ನು ಎಂಜಿನಿಯರ್ ಬರೆದು ಮುಗಿಸುವವರೆಗೂ ಪ್ಲಗ್ಗಕ್ಕ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ತಿದ್ದಿದ ಪಟ್ಟಿ ಹೊರಬಿದ್ದ ಮರುದಿನ ಆ ಆಪರೇಟರ್‌ರಿಂದ ಫೋನ್ ಬಂತು. “ಅಮ್ಮಾ, ಇವತ್ತು ನಾನು ಯಾರನ್ನೂ ಕರೀಲಿಲ್ಲ.” ಪ್ಲಗ್ಗಕ್ಕ ಫೋನ್ ಹಿಡಿದುಕೊಂಡೇ ಅತ್ತುಬಿಟ್ಟರಂತೆ.

ಫೋಟೋ ಬೇಡ ಎನ್ನುತ್ತಾರೆ. ಹೆಸರೂ ಬೇಡವಂತೆ. “ಜನ ಸಿಕ್ಕಿಸ್ಲಿ, ಕೆಲಸ ಆಗ್ಲಿ, ನಮ್ಮನ್ನ ಯಾಕೆ ನೆನೆಸ್ಕೋಬೇಕು?” ಎಂದವರು ತಲೆಯೆತ್ತುತ್ತಾರೆ.

“ಆದ್ರೆ ಆ ಹಲಗೆ ಎದ್ದಿದ್ದು ನನ್ನ ಹಟಕ್ಕೆ. ಅದೊಂದು ಮಾತ್ರ ಬರ್ಕೊಳ್ಳಿ.”