ಹೊರಗಿನಿಂದ ಬಂದ ಡಾಕ್ಟರ ಬಿಲ್ಲು

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಮೇಲೆ ಸುಭಾನಿಯ ಗ್ಯಾರೇಜು. ತಗಡಿನ ಮಾಡು, ಮುಂದೆ ಎರಡು ಮುದಿ ಜೀಪು, ಒಳಗೆ ಬಾಯಿಗೆ ಬಿಡುವಿಲ್ಲದ ಸುಭಾನಿ. ಮೂವತ್ತು ವರ್ಷದಿಂದ ಅವನದು ಒಂದೇ ಪದ್ಧತಿ. ಕೆಲಸವೇನು, ಖರ್ಚೆಷ್ಟು ಎಂದು ಚೀಟಿಯಲ್ಲಿ ಬರೆದು, ಗಿರಾಕಿಗೆ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳುವುದು. ಖಾಲಿ ಚೀಟಿಗೆ ಸಹಿ ಗೀಚಿ ಓಡುವವರನ್ನು ಹಿಂದಕ್ಕೆ ಕರೆದು ಬೈಯುತ್ತಿದ್ದ.

ಅಂಥವನೇ ಹುಬ್ಬಳ್ಳಿಯಲ್ಲಿ ಖಾಲಿ ಕಾಗದಕ್ಕೆ ಸಹಿ ಹಾಕಿ ಕೂತ!

ಆದದ್ದಿಷ್ಟು. ಅವನ ಹೆಂಡತಿ ಗುಲ್ಶನ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಸರಕಾರಿ ದವಾಖಾನೆಯವರು ಪತ್ರ ಕೊಟ್ಟು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಕಳಿಸಿದರು. ಬಿಪಿಎಲ್ ಕಾರ್ಡಿನವರಿಗೆ ಸರಕಾರದ ಯೋಜನೆಯಲ್ಲಿ ಅಲ್ಲಿ ಆಪರೇಶನ್ ಪುಕ್ಕಟೆ. ಹೆಂಡತಿ ಸ್ಟ್ರೆಚರಿನ ಮೇಲೆ ಚೀರುತ್ತಿದ್ದಾಗ ಯಾರೋ ಐದಾರು ಕಾಗದ ಮುಂದೆ ಹಿಡಿದರು, ಅದರಲ್ಲಿ ಒಂದೆರಡು ಖಾಲಿಯೇ. ಓದುತ್ತ ಕೂಡುವ ಹೊತ್ತೇ ಅದು? ಹಾಕಿದ.

ಆಪರೇಶನ್ ಚೆನ್ನಾಗಿಯೇ ಆಯಿತು. ಏಳನೆಯ ದಿನ ಮನೆಗೆ ಹೊರಟಾಗ ಕೌಂಟರಿನವನು ಐವತ್ತೆಂಟು ಸಾವಿರದ ಬಿಲ್ಲು ಚಾಚಿದ.

"ಆಪರೇಶನ್ ಮಾಡಿದ ಡಾಕ್ಟರು ಹೊರಗಿನವ್ರು. ಅವ್ರು ಸ್ಕೀಮಿನ್ಯಾಗ ಬರೂದಿಲ್ರಿ."

"ಅವ್ರನ್ನ ಕರಿಸಿದವ್ರು ಯಾರು? ನಾನೇನ?"

"ಒಪ್ಪಿಗಿ ಕೊಟ್ಟೀರಲ್ಲ, ನೋಡ್ರಿ."

ಕೆಳಗೆ ಅವನದೇ ಸಹಿ. ಮೇಲೆ, 'ಯೋಜನೆಯ ಹೊರಗಿನ ಖರ್ಚು ನಾನೇ ಭರಿಸುತ್ತೇನೆ' ಎಂದು ಬೇರೆ ಬಣ್ಣದ ಶಾಯಿಯಲ್ಲಿ ಯಾರೋ ಬರೆದಿದ್ದರು. ಸುಭಾನಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಗ್ಯಾರೇಜಿನ ಕಂಪ್ರೆಸರ್ ಮಾರಿದರೂ ಅಷ್ಟು ಹಣ ಕೂಡುವುದಿಲ್ಲ, ಮಾರಿದರೆ ಉಣ್ಣುವುದು ಹೇಗೆ? ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು.

"ನನ್ನ ಗ್ಯಾರೇಜಿಗೆ ವೆಲ್ಡಿಂಗ್ ಮಾಡಾಕ ಕರಿಬಸಪ್ಪ ಅಂತ ಒಬ್ಬವ ಹೊರಗಿಂದ ಬರ್ತಾನ," ಎಂದ ದನಿ ಏರಿಸಿ. "ಅವನ ಕೂಲಿ ನಾ ಕೊಡ್ತೇನಿ. ಗಾಡಿ ಒಯ್ಯೂ ಹೊತ್ತಿಗೆ ಮಾಲಕಗ 'ಕರಿಬಸಪ್ಪನ ಬಿಲ್ ಬ್ಯಾರೆ' ಅಂದ್ರ ಅವ ನನ್ನ ಸುಮ್ನ ಬಿಡ್ತಾನೇನು? ನಾ ಒಂದು ರೂಪಾಯಿ ಕಟ್ಟೂದಿಲ್ಲ."

ಯೋಜನೆಯ ಕಡೆಯಿಂದ ಆಸ್ಪತ್ರೆಯಲ್ಲಿ ಕೂಡುವ ಆರೋಗ್ಯಮಿತ್ರ ಲೋಕೇಶ ಇದನ್ನೆಲ್ಲ ಕೇಳಿಸಿಕೊಂಡಿದ್ದ. ದಿನಾ ಅದೇ ಆಸ್ಪತ್ರೆಯವರ ಮುಖ ನೋಡಬೇಕಾದವನು, ಅಳುಕುತ್ತಲೇ ಹತ್ತಿರ ಬಂದ.

"ಚಾಚಾ, ಡಾಕ್ಟರ ಫೀಸು ಪ್ಯಾಕೇಜಿನ್ಯಾಗ ಸೇರಿರ್ತೈತಿ. ಯಾರನ್ನರ ಕರಸ್ಲಿ, ನಿಮ್ಮ ಕಡೆ ರೊಕ್ಕ ಕೇಳಂಗಿಲ್ಲ. ಯೋಜನೆ ಆಫೀಸಿಗೊಂದು ಅರ್ಜಿ ಬರೀರಿ. ಖಾಸಗಿ ಆಸ್ಪತ್ರೆಗೋಳಿಗೂ ಕಾಯ್ದೆ ಐತಿ, ಜಿಲ್ಲಾಧಿಕಾರಿಗೋಳ ಕಡೆ ಇರೂ ಸಮಿತಿಗೂ ಒಂದು ಬರೀರಿ."

"ಖಾಲಿ ಕಾಗದಕ್ಕ ಸಹಿ ಹಾಕೇನೋ ಮಾರಾಯಾ."

"ಅದನ್ನೂ ಬರೀರಿ. ಮುಚ್ಚಿಟ್ರ ಲಾಭ ಅವ್ರಿಗೆ."

ಊರಿಗೆಲ್ಲ ಬುದ್ಧಿ ಹೇಳಿದವನು ತನ್ನ ದಡ್ಡತನವನ್ನು ತಾನೇ ಬರೆದುಕೊಡುವುದೆಂದರೆ ಸುಮ್ಮನೆ ಮಾತಲ್ಲ. ಆದರೂ ಬೆಂಚಿನ ಮೇಲೆ ಕೂತು ಒಂದನ್ನೂ ಬಿಡದೆ ಬರೆದ. ಮಧ್ಯಾಹ್ನ ಧಾರವಾಡಕ್ಕೆ ಹೋಗಿ ಎರಡೂ ಅರ್ಜಿ ಕೊಟ್ಟು, ಠಸ್ಸೆ ಹಾಕಿಸಿದ ಪ್ರತಿಯನ್ನು ಕೌಂಟರಿನ ಮೇಲೆ ತಂದಿಟ್ಟ.

ಮರುದಿನ ಬೆಳಿಗ್ಗೆ ಮ್ಯಾನೇಜರು ತಾವಾಗಿ ವಾರ್ಡಿಗೆ ಬಂದರು. ಮಾತಿನಲ್ಲಿ ಬೆಣ್ಣೆ.

"ಬಿಲ್ ರದ್ದು ಮಾಡೇವ್ರಿ ಸುಭಾನಿಯವ್ರ. ಇಲ್ಲೊಂದು ಸಹಿ ಹಾಕ್ರಿ, ನಮ್ಮ ಗಾಡಿನ್ಯಾಗ ದಾಂಡೇಲಿಗೆ ಬಿಡ್ತೇವಿ."

ಈ ಸಲ ಸುಭಾನಿ ಎರಡೆರಡು ಸಲ ಓದಿದ. 'ಆಸ್ಪತ್ರೆಯವರು ನನ್ನಿಂದ ಯಾವ ಹಣವನ್ನೂ ಕೇಳಿರುವುದಿಲ್ಲ, ದೂರು ಹಿಂಪಡೆದಿದ್ದೇನೆ' ಎಂದಿತ್ತು. ಸುಳ್ಳೇ. ಆದರೆ ಎಂಟು ದಿನದಿಂದ ಗುಲ್ಶನ ಮನೆ ಮನೆ ಎಂದು ಹಂಬಲಿಸುತ್ತಿದ್ದಾಳೆ. ಅವನು ಪೆನ್ನು ಕೈಗೆ ತೆಗೆದುಕೊಂಡ.

"ಏನ್ರೀ," ಎಂದಳು ಗುಲ್ಶನ. ಅವಳ ಕಣ್ಣು ಪಕ್ಕದ ಮಂಚದ ಮೇಲಿತ್ತು. ಅಲ್ಲಿ ಜೋಯಿಡಾ ಕಡೆಯ ಗೋದುಬಾಯಿ ಸೊಂಟಕ್ಕೆ ಆಪರೇಶನ್ ಆಗಿ ಮಲಗಿದ್ದಳು. "ಇವ್ರಿಗೂ ಅದ ಡಾಕ್ಟರು, ಅಂಥಾದ ಬಿಲ್ಲು. ಮಗ ಜ್ಯೋತಿಬಾ ಎಮ್ಮಿ ಮಾರಾಕ ಊರಿಗೆ ಹೋಗ್ಯಾನ."

"ನಿನ್ನ ಮನಿಗೆ ಒಯ್ಯಬೇಕಲ್ಲ?"

"ಮುರಿಯೂ ಕಾಲು ಮುರದ ಹೋತು. ಇನ್ನೆರಡು ದಿನ ಮಲಗಿದ್ರ ಏನಾಗ್ತೈತಿ? ಮೊದ್ಲ ಅವ್ನಿಗೆ ಫೋನ್ ಹಚ್ರಿ."

ಸುಭಾನಿ ಕಾಗದವನ್ನು ಮ್ಯಾನೇಜರ ಕೈಗೇ ತಿರುಗಿಸಿ ಕೊಟ್ಟ. ಗೋದುಬಾಯಿಯಿಂದ ನಂಬರು ಕೇಳಿ ಫೋನ್ ಹಚ್ಚಿದ. ಆ ಕಡೆ ಸಂತೆಯ ಗದ್ದಲ.

"ಜ್ಯೋತಿಬಾ, ಎಮ್ಮಿ ಕೊಟ್ಟಿಯೇನು?... ಇನ್ನೂ ಇಲ್ಲಾ? ಕೊಡಬ್ಯಾಡ. ಹಗ್ಗ ಬಿಡಬ್ಯಾಡ. ಎಮ್ಮಿ ಮನ್ಯಾಗ ಕಟ್ಟಿ ಇಲ್ಲಿಗೆ ಬಾ, ನಿಮ್ಮವ್ವನ ಅರ್ಜಿ ಬರಿಯೂದೈತಿ."